ಗಡಿ ದಾಟಿ ಬಂದ ನಗಾರಿ

ಪಾಶ್ಚಾತ್ಯ ಸಂಗೀತವನ್ನು ನಾವು ಶಾಸ್ತ್ರೋಕ್ತವಾಗಿ ಕಲಿತವರಲ್ಲ. ಆದರೂ ಫ್ರೆಂಚ್ ಸಂಗೀತಗಾರ ಬೆರ್ಲಿಯೋಜ್‌ನ 'ರಾಕೋಟ್ಸಿ ಮಾರ್ಚ್' ಕೇಳಲು ಕುಳಿತರೆ ಮುಗಿಯುವವರೆಗೆ ಏಳುವುದಿಲ್ಲ. ಮೊದಲು ತುತ್ತೂರಿಗಳು ಕರೆ ಕೊಡುತ್ತವೆ. ಕೊಳಲು, ಕ್ಲಾರಿನೆಟ್‌ಗಳು ಮೆಲುದನಿಯಲ್ಲಿ ಧಾಟಿ ಎತ್ತಿಕೊಳ್ಳುತ್ತವೆ. ಆಮೇಲೆ ದೂರದ ಫಿರಂಗಿಯಂತೆ ನಗಾರಿ. ಸದ್ದು ಹತ್ತಿರ ಹತ್ತಿರ ಬಂದು ಕೊನೆಗೆ ಇಡೀ ವಾದ್ಯವೃಂದ ಭೋರ್ಗರೆಯುತ್ತದೆ.

1846ರ ಫೆಬ್ರವರಿಯಲ್ಲಿ ಹಂಗೇರಿಯ ಪೆಸ್ಟ್ ನಗರದಲ್ಲಿ ಇದು ಮೊದಲ ಸಲ ಮೊಳಗಿತು. ಸುಮ್ಮನೆ ಕುಳಿತಿದ್ದ ಸಭೆ ನಗಾರಿ ಕೇಳಿದ್ದೇ ತಡ ಕೂಗಾಡತೊಡಗಿತು ಎಂದು ಬೆರ್ಲಿಯೋಜ್ ತನ್ನ ಆತ್ಮಕತೆಯಲ್ಲಿ ಬರೆದಿದ್ದಾನೆ. ಅದಕ್ಕೆ ಕಾರಣವಿತ್ತು. ಆಸ್ಟ್ರಿಯಾದ ಅರಸೊತ್ತಿಗೆಯ ವಿರುದ್ಧ 1703ರಲ್ಲಿ ಬಂಡೆದ್ದು 1711ರಲ್ಲಿ ಸೋತ ಫೆರೆಂಟ್ಸ್ ರಾಕೋಟ್ಸಿಯ ಹೆಸರು ಹೊತ್ತ ಧಾಟಿ ಅದು. ಎರಡೇ ವರ್ಷಗಳಲ್ಲಿ, 1848ರಲ್ಲಿ, ಹಂಗೇರಿ ಮತ್ತೆ ಬಂಡೆದ್ದಿತು.

ಅಪ್ಪಟ ರಾಷ್ಟ್ರಾಭಿಮಾನದ ಸಂಗೀತವೆಂದು ಇದನ್ನು ಕೊಂಡಾಡುವವರಿದ್ದಾರೆ. ಆದರೆ ಇದನ್ನು ಕಟ್ಟಿದವರು ಯಾರು? ಧಾಟಿಯನ್ನು ಮನೆಮಾತಾಗಿಸಿದವರು ರೋಮಾ ಪಿಟೀಲುವಾದಕರು. ಅವರ ಪೂರ್ವಿಕರು ಶತಮಾನಗಳ ಹಿಂದೆ ನಮ್ಮ ಭಾರತದಿಂದಲೇ ವಲಸೆ ಹೋದವರು. ವಾದ್ಯವೃಂದಕ್ಕೆ ಅಳವಡಿಸಿದವನು ಫ್ರಾನ್ಸಿನವನು. ಆ ದೊಡ್ಡ ನಗಾರಿಯೂ ಕಂಚಿನ ತಾಳಗಳೂ ಯುರೋಪಿನ ವಾದ್ಯವೃಂದಕ್ಕೆ ಬಂದದ್ದು ತುರ್ಕಿ ಸೇನೆಯ ಮೆಹ್ತರ್ ಮೇಳದಿಂದ. ಆ ತುರ್ಕರೊಡನೆ ಹಂಗೇರಿ ತಲೆಮಾರುಗಟ್ಟಲೆ ಕಾದಾಡಿತ್ತು!

ಸೋತು ದೇಶ ಬಿಟ್ಟ ರಾಕೋಟ್ಸಿಗೆ ಕೊನೆಗೆ ನೆಲೆ ಕೊಟ್ಟದ್ದೂ ಅದೇ ತುರ್ಕಿ. ಮರ್ಮರಾ ಸಮುದ್ರದ ದಂಡೆಯ ತೆಕಿರ್ದಾ ಪಟ್ಟಣದಲ್ಲಿ ಆತ 1735ರಲ್ಲಿ ತೀರಿಕೊಂಡ. 1849ರಲ್ಲಿ ಎರಡನೆಯ ಬಂಡಾಯವೂ ಸೋತಾಗ ಅದರ ನಾಯಕ ಕೊಶೂತ್ ಮತ್ತು ಸಾವಿರಾರು ಸಂಗಡಿಗರು ಓಡಿಹೋದದ್ದೂ ತುರ್ಕರ ನೆಲಕ್ಕೇ. ಅವರನ್ನು ಒಪ್ಪಿಸಬೇಕೆಂದು ಆಸ್ಟ್ರಿಯಾ ಪಟ್ಟು ಹಿಡಿಯಿತು. ಸುಲ್ತಾನ್ ಅಬ್ದುಲ್ ಮಜೀದ್ ಒಪ್ಪಿಸಲಿಲ್ಲ.

ಅದೇ ಹಂಗೇರಿ 2015ರಲ್ಲಿ ಸೆರ್ಬಿಯಾದ ಗಡಿಗೆ ಮುಳ್ಳುತಂತಿಯ ಬೇಲಿ ಹಾಕಿತು. ಸಿರಿಯಾ, ಅಫ್ಘಾನಿಸ್ತಾನಗಳಿಂದ ಜೀವ ಉಳಿಸಿಕೊಂಡು ಬಂದವರು ಅದರಾಚೆ ನಿಂತರು. ಆಶ್ರಯ ಪಡೆದವರ ಮೊಮ್ಮಕ್ಕಳಿಗೆ ಆಶ್ರಯ ಕೊಡುವುದು ಯಾಕಿಷ್ಟು ಕಷ್ಟವಾಗುತ್ತದೆ? ಈ ಪ್ರಶ್ನೆ ಹಂಗೇರಿಗೆ ಮಾತ್ರ ಕೇಳಬೇಕಾದದ್ದಲ್ಲ.

ನಾಡಪ್ರೇಮ ಬೇಡವೆಂದು ನಾವು ಹೇಳುತ್ತಿಲ್ಲ. ಆ ಮಾರ್ಚ್ ಕೇಳಿದರೆ ನಮ್ಮ ಮೈಯೂ ಜುಮ್ಮೆನ್ನುತ್ತದೆ. ಆದರೆ ಅದರಿಂದ ಪರಕೀಯರದ್ದನ್ನೆಲ್ಲ ತೆಗೆದುಹಾಕಿ ನೋಡಿ. ಪಿಟೀಲೂ ಇರದು, ನಗಾರಿಯೂ ಇರದು.