ಸವಳ ನೀರು, ಸಂದಲ್ ಅತ್ತರು

ಕಲಬುರಗಿಯ ಗಾಜಿಪುರದ ನಮ್ಮ ಮನೆಗೆ ನಳದ ನೀರು ಬಂದ ದಿನ ಹಬ್ಬ. ಉಳಿದ ದಿನಗಳಿಗೆ ಬೋರು. ತೊಗರಿ ಕಣಜದಲ್ಲಿ ಕೂತು, ನಮ್ಮ ನೀರಿಗೆ ಬೇಳೆ ಬೇಯುವುದಿಲ್ಲ ಅಂತ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಬೇಳೆಗೇ ಮಣಿಯದ ನೀರು ಸಾಬೂನಿಗೆ ಮಣಿದೀತೆ? ತಿಕ್ಕಿದಷ್ಟೂ ಬಿಳಿ ಮೊಸರಿನಂಥ ಜಿಡ್ಡು, ನೊರೆ ಮಾತ್ರ ಇಲ್ಲ. ಗುಲ್ಬರ್ಗಾ ಎಂದರೆ ಹೂವಿನ ಊರು ಎನ್ನುವವರಿದ್ದಾರೆ. ಕಲಬುರಗಿ ಎಂದರೆ ಕಲ್ಲಿನ ನೆಲ ಎನ್ನುವವರೂ ಇದ್ದಾರೆ. 2014ರ ನವೆಂಬರ್ 1ರಂದು ಸರ್ಕಾರ ಕಲಬುರಗಿ ಎಂದೇ ಬರೆಯಿತು. ನಮ್ಮ ಬೋರು ಆ ತೀರ್ಪನ್ನು ಎಂದೋ ಕೊಟ್ಟಿತ್ತು.

ಪಿಂಚಣಿ ಶುರುವಾದ ಗಂಡಸಿಗೆ ಮನೆಯೊಳಗೆ ಏನಾದರೊಂದು ಉಸಾಬರಿ ಬೇಕು. ನಾನು ಬಟ್ಟೆ ಪುಡಿಗೆ ಕೈಹಾಕಿದೆ. ಬಾರ್ ಸಾಬೂನು ತುರಿದು, ಅದರ ಎರಡರಷ್ಟು ಸೋಡಾ ಬೆರೆಸಿದೆ. (ಕೊಬ್ಬರಿ ತುರಿಯುವ ತುರಿಮಣೆಯನ್ನೇ ಬಳಸಿದ್ದು ತಿಳಿದು ಮನೆಯಲ್ಲಿ ಎರಡು ದಿನ ನನ್ನೊಂದಿಗೆ ಮಾತು ಬಂದ್ ಆಗಿತ್ತು.) ನೀರಿನಲ್ಲಿ ಕರಗಿದ ಸುಣ್ಣವನ್ನು ಸೋಡಾ ಮೊದಲೇ ಹಿಡಿದು ತಳಕ್ಕೆ ಕೂಡಿಸಿಬಿಡುತ್ತದೆ; ಆಮೇಲೆ ಸಾಬೂನಿನ ದಾರಿ ಸಲೀಸು. ನೊರೆ ಬಂತು, ಕೊಳೆ ಹೋಯಿತು. ನಾನು ಬೀಗಿದೆ.

ಅವ್ವ ಟವೆಲ್ಲು ಮೂಸಿದಳು. ‘ಒಗದ ಅರಬಿ ಅನಸವಲ್ಲದು. ವಾಸನಿನೇ ಇಲ್ಲಲ್ಲೋ.’

ಅಲ್ಲಿಂದ ಹುಚ್ಚು ಹಿಡಿಯಿತು. ಮೊದಲು ನಿಂಬೆ ಸಿಪ್ಪೆ ಒಣಗಿಸಿ ಪುಡಿಮಾಡಿ ಹಾಕಿದೆ. ಬಕೆಟಿನಲ್ಲಿ ಘಮ್ಮೆಂದದ್ದು ತಂತಿಯ ಮೇಲೆ ಬರುವಷ್ಟರಲ್ಲಿ ಮಾಯ. ನಿಂಬೆಯ ಕಂಪು ಬಲು ಹಗುರ. ಅರ್ಧ ನೀರಿನ ಜೊತೆ ಮೋರಿಗೆ, ಅರ್ಧ ನಮ್ಮ ಮೇ ತಿಂಗಳ ಬಿಸಿಲಿಗೆ. ಕಮಲಾಪುರದಿಂದ ಬಂದಿದ್ದ ತಂಗಿಯ ಮಗ ತನ್ನ ಊರಿನ ಅಭಿಮಾನ ಬಿಟ್ಟಾನೆಯೇ? ಅಲ್ಲಿಯ ಕೆಂಪು ಬಾಳೆಗೆ ಜಿಐ ಮಾನ್ಯತೆ ಬೇರೆ ಸಿಕ್ಕಿದೆ. ‘ಮಾಮಾ, ಬಾಳಿಹಣ್ಣಿನ ಎಸೆನ್ಸ್ ಹಾಕ್ರಿ, ಓಣಿ ತುಂಬ ವಾಸನಿ ಬರ್ತದ’ ಎಂದ. ಕಸ್ಟರ್ಡಿಗೆ ತಂದಿಟ್ಟ ಬಾಟಲಿಯಿಂದ ಹನಿಸಿದೆ. ಆ ಬಾಳೆಯ ಪರಿಮಳ ಎಸ್ಟರ್ ಜಾತಿಯದು, ಕ್ಷಾರ ತಾಗಿದರೆ ಮುರಿದು ಬೀಳುತ್ತದೆ ಎಂಬುದು ಹೊಳೆದದ್ದು ತಡವಾಗಿ. ಒದ್ದೆ ಕೈ ತಾಗಿದ್ದ ಡಬ್ಬಿಯನ್ನು ನಾಲ್ಕು ದಿನ ಬಿಟ್ಟು ತೆರೆದರೆ ಹಣ್ಣಿಲ್ಲ, ಘಾಟು ಮಾತ್ರ ಇದೆ. ಅಳಿಯ ಅಷ್ಟರಲ್ಲಿ ಬಸ್ಸು ಹತ್ತಿದ್ದ.

ಇನ್ನು ಉಳಿದದ್ದು ಅತ್ತರು. ಖ್ವಾಜಾ ಬಂದೇನವಾಜರ ಊರಲ್ಲಿ ಅತ್ತರಿಗೆ ಬರವೇ? ಉರುಸಿನಲ್ಲಿ ಮೆಹಬೂಬ್ ಗುಲ್ಶನ್ ತೋಟದಿಂದ ಸಂದಲ್ ಮೆರವಣಿಗೆ ಹೊರಟು ದರ್ಗಾ ಮುಟ್ಟುತ್ತದೆ. ಗಂಧವೇ ಮೆರವಣಿಗೆ ಹೋಗುವ ಊರು ನಮ್ಮದು. ದರ್ಗಾದ ಕಡೆಯ ಅಂಗಡಿಯಲ್ಲಿ ಸಂದಲ್, ಖಸ್, ಗುಲಾಬಿ ಮೂಸಿ ಮೂಸಿ ಮೂಗು ಮರಗಟ್ಟಿತು. ಗಂಗೆಯ ದಂಡೆಯ ಮೇಲೂ ಒಂದು ಗಾಜಿಪುರವಿದೆ, ಗುಲಾಬಿ ನೀರಿಗೆ ಹೆಸರಾದದ್ದು. ನಾನೂ ಗಾಜಿಪುರದವನೇ ಎಂದೆ. ಅಂಗಡಿಯ ಮುದುಕ ನಗಲಿಲ್ಲ. ಯಾತಕ್ಕೆ ಬೇಕು ಎಂದು ಕೇಳಿದ. ಹೇಳಿದೆ.

‘ಸೋಡಾದಾಗ? ತೋಬಾ! ಅತ್ತರ್ ನೀರಿಗಿ ಹಾಕೂದಲ್ಲ ಸಾಹೇಬ್ರ. ಒಣಾ ಅರಬಿಗಿ ಹಚ್ಚೂದು.’

ನಾನು ಕಲಿತದ್ದಿಷ್ಟೂ ಆ ಮಾತಿನಲ್ಲೇ ಇತ್ತು. ಹೂವಿನ ಆವಿಯನ್ನು ಗಂಧದೆಣ್ಣೆಗೆ ಇಳಿಸುವುದು ಅತ್ತರಿನ ಹಳೆಯ ಪದ್ಧತಿ. ಹೂವಿನ ಕಂಪು ಓಡಿಹೋಗುವ ಕೂಸು. ಗಂಧದ ಕಂಪು ಭಾರ, ಕೂತಲ್ಲಿಂದ ಬೇಗ ಏಳುವುದಿಲ್ಲ, ಕೂಸಿನ ಕೈ ಹಿಡಿದುಕೊಂಡಿರುತ್ತದೆ. ಆದರೂ ಹಟ ಬಿಡದೆ ಅರ್ಧ ಬಾಟಲಿ ಪುಡಿಗೆ ಸುರಿದೆ. ಅಂದು ಒಗೆದ ಅಂಗಿ ತೊಟ್ಟು ತರಕಾರಿಗೆ ಹೋದರೆ, ಪರಿಚಯದವರೊಬ್ಬರು ‘ಯಾರ ಲಗ್ನ ಅದರಿ?’ ಎಂದರು.

ಅವ್ವನದು ಬೇರೆಯೇ ದಾರಿ. ತನ್ನೆರಡು ಸೀರೆಯನ್ನು ಬರೀ ನೀರಲ್ಲಿ ಜಾಲಿಸಿ ಮಾಳಿಗೆಯ ಸುಡುಬಿಸಿಲಿಗೆ ಹಾಕುತ್ತಾಳೆ. ಮಡಚುವಾಗ ಬರುವ ವಾಸನೆಗೆ ಹೆಸರಿಲ್ಲ. ಕೋಪನ್‌ಹೇಗನ್ನಿನ ಸಂಶೋಧಕರು ಇದರ ಬೆನ್ನು ಹತ್ತಿ 2020ರಲ್ಲಿ ಬರೆದಿದ್ದಾರೆ: ಶುದ್ಧ ನೀರಲ್ಲಿ ಒಗೆದ ಟವೆಲ್ಲುಗಳನ್ನು ಕೋಣೆಯಲ್ಲಿ, ನೆರಳಿನಲ್ಲಿ, ಬಿಸಿಲಿನಲ್ಲಿ ಒಣಗಿಸಿ ನೋಡಿದರೆ, ಬಿಸಿಲಿನವುಗಳಲ್ಲಿ ಮಾತ್ರ ಆಲ್ಡಿಹೈಡ್, ಕೀಟೋನ್ ಎಂಬ ಪರಿಮಳದ ಕಣಗಳು ಹುಟ್ಟಿದ್ದವಂತೆ. ಅದೇ ಜಾತಿಯ ಕಣಗಳು ಅತ್ತರುಗಳಲ್ಲೂ ಇರುತ್ತವೆ. ಬಿಸಿಲಿಗೆ ಬರವಿರುವ ದೇಶದವರು ಬಿಸಿಲಿನ ವಾಸನೆ ಹುಡುಕಿದ್ದು ಸಹಜವೇ. ನಾವು ಬಿಸಿಲನ್ನು ಶಪಿಸುತ್ತ ಕೂತಿದ್ದೆವು.

ಸೀರೆ ಆಮೇಲೆ ಟ್ರಂಕಿಗೆ. ಅಲ್ಲಿ ವಾಳದ ಬೇರಿನ ಸಣ್ಣ ಕಟ್ಟುಗಳು, ಮಡಿಕೆಗೊಂದರಂತೆ. ಅದೂ ಭಾರದ ಕಂಪೇ. ಒಣ ಅರಿವೆಯ ಜೊತೆ ಸುಮ್ಮನೆ ಇದ್ದುಬಿಡುತ್ತದೆ. ಅತ್ತರಿನ ಮುದುಕನೂ ಅವ್ವನೂ ಎಂದೂ ಭೇಟಿಯಾದವರಲ್ಲ.

ಈಗ ಮಳೆಗಾಲ. ಫ್ಯಾನಿನ ಕೆಳಗೆ ಹಗ್ಗ ಕಟ್ಟಿ ಒಣಗಿಸಿದ ನನ್ನ ಬನಿಯನ್ನುಗಳು ಮುಗ್ಗಲು ಹಿಡಿದಿವೆ. ಮೊನ್ನೆ ಅವ್ವ ಮಲಗಿದ್ದಾಗ ಟ್ರಂಕಿನಿಂದ ಒಂದು ಕಟ್ಟು ಬೇರು ಎತ್ತಿ ನನ್ನ ಕಪಾಟಿಗೆ ಹಾಕಿಕೊಂಡೆ. ಸಂಜೆ ಚಹಾ ಕುಡಿಯುತ್ತ ಅವ್ವ ಯಾರನ್ನೂ ನೋಡದೆ ಅಂದಳು: ‘ಹನ್ನೆರಡು ಇದ್ದುವು. ಹನ್ನೊಂದ ಅವ.’