ಮುಂಗಡದ ಹಣ

ಮನೆ ಕಟ್ಟಿಸುವುದು ಒಂದು ವಿದ್ಯೆ. ಅದನ್ನು ಬಾಡಿಗೆಗೆ ಕೊಟ್ಟು ತಾನೇ ನೋಡಿಕೊಳ್ಳುವುದು ಮತ್ತೊಂದು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಪಡೆಯುವ ರೂಢಿಯುಂಟು. 20,000 ರೂಪಾಯಿ ಬಾಡಿಗೆಯಾದರೆ 2,00,000 ರೂಪಾಯಿ ಒಮ್ಮೆಲೇ ಕೈಸೇರುವುದು. ಹೊಸದಾಗಿ ಮನೆಯೊಡೆಯರಾದವರಿಗೆ ಅದು ಲಾಭದಂತೆ ತೋರಬಹುದು. ನಿಜವಾಗಿ ಅದು ಋಣ. ಆದುದರಿಂದ ನನ್ನ ಎರಡು ಮನೆಗಳ ಮುಂಗಡವನ್ನು ಬ್ಯಾಂಕಿನಲ್ಲಿ ಬೇರೆಯಾಗಿಯೇ ಇರಿಸಿರುವೆನು.

ಒಮ್ಮೆ 11 ತಿಂಗಳ ಕರಾರು ಮುಗಿಯುವ ಮುನ್ನವೇ ಬಾಡಿಗೆದಾರರೊಬ್ಬರಿಗೆ ವರ್ಗವಾಯಿತು. ಸುಣ್ಣಬಣ್ಣದ ವೆಚ್ಚವನ್ನು ಕರಾರಿನಂತೆ ಕಳೆದು, ಉಳಿದುದನ್ನು ಬೀಗದ ಕೈ ಪಡೆದ ದಿನವೇ ಒಪ್ಪಿಸಿದೆನು. “ಹೊಸ ಊರಿನಲ್ಲಿ ಮನೆ ಹಿಡಿಯಲು ನಮಗಿದೇ ಆಧಾರ, ಅಮ್ಮ” ಎಂದರು ಆ ಗೃಹಿಣಿ.

ಮನೆಯನ್ನು ಬಾಡಿಗೆಗೆ ಕೊಡಲೆಣಿಸುವ ಸೋದರಿಯರು ತೆರಿಗೆಯನ್ನೂ ದುರಸ್ತಿಯನ್ನೂ ಬಾಡಿಗೆಯಿಂದಲೇ ನಡೆಸಲಿ, ಮುಂಗಡವನ್ನು ಮುಟ್ಟದಿರಲಿ.