ಒಂದಿಂಚು ಹಿಂದೆ, ಸಾರ್

ಕ್ರಿಕೆಟ್ಟಿನಲ್ಲಿ ಔಟಾದವನಿಗೆ ಹೇಳಿಕೊಳ್ಳಲು ನೂರು ನೆಪಗಳಿವೆ. ಚೆಂಡು ತಿರುಗಿತು, ಪುಟಿಯಲಿಲ್ಲ, ಸೈಟ್ ಸ್ಕ್ರೀನ್ ಹತ್ತಿರ ಯಾರೋ ಅಡ್ಡಾಡಿದರು, ಅಂಪೈರಿಗೆ ಕಣ್ಣು ಕಾಣಲ್ಲ. ಗಾಲ್ಫಿನಲ್ಲಿ ಈ ಸೌಲಭ್ಯವಿಲ್ಲ. ಚೆಂಡು ಹುಲ್ಲಿನ ಮೇಲೆ ಸುಮ್ಮನೆ ಕೂತಿರುತ್ತದೆ. 46 ಗ್ರಾಂ ಕೂಡ ತೂಗದ ವಸ್ತು. ಯಾರೂ ಎಸೆಯುವುದಿಲ್ಲ, ಯಾರೂ ತಡೆಯುವುದಿಲ್ಲ. ನಿಂತು, ಉಸಿರು ಬಿಟ್ಟು, ಮನಸ್ಸು ಬಂದಾಗ ಹೊಡೆಯಬಹುದು. ಇಷ್ಟೆಲ್ಲ ಅನುಕೂಲ ಮಾಡಿಕೊಟ್ಟ ಮೇಲೂ ಅದು ಎದುರಿಗಿರುವ ಬಾವುಟವನ್ನು ಬಿಟ್ಟು ಬಲಗಡೆಯ ನೀಲಗಿರಿ ತೋಪಿಗೇ ಹೋಗುತ್ತದೆಂದರೆ, ಯಾರ ಮೇಲೆ ದೂರು ಹೇಳುವುದು?

ನಾನು ಈ ಆಟಕ್ಕೆ ಬಂದದ್ದು ತಲೆ ನರೆತ ಮೇಲೆ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ನಮ್ಮಂಥವರಿಗೆ ಗಾಲ್ಫ್ ಎಂದರೆ ಹೈಗ್ರೌಂಡ್ಸ್ ಕಡೆ ಬಸ್ಸಿನಲ್ಲಿ ಹೋಗುವಾಗ ಬೇಲಿಯಾಚೆ ಕಾಣುವ ಹಸಿರು, ಅಷ್ಟೇ. ಬ್ರಿಟಿಷರು 1876ರಲ್ಲಿ ಶುರು ಮಾಡಿದ ಬೆಂಗಳೂರು ಗಾಲ್ಫ್ ಕ್ಲಬ್ಬು ಅದು. ಬಿಳಿ ಟೋಪಿಯ ಹಿರಿಯರೊಬ್ಬರು ನೆಲ ನೋಡುತ್ತ ನಿಂತೇ ಇರುವುದನ್ನು ಕಂಡು, ಪಾಪ, ಏನೋ ಬೀಳಿಸಿಕೊಂಡು ಹುಡುಕುತ್ತಿದ್ದಾರೆ ಅಂದುಕೊಂಡಿದ್ದೆ. ಅವರು ಹೊಡೆಯುವ ಮುಂಚೆಯೇ ನಮ್ಮ ಬಸ್ಸು ಮುಂದೆ ಹೋಗಿತ್ತು.

ಅವರೇನು ಮಾಡುತ್ತಿದ್ದರೆಂದು ಗೊತ್ತಾಗಲು ನಾನು ನಿವೃತ್ತನಾಗಬೇಕಾಯಿತು. ಹೊಡೆಯುವ ಮುನ್ನ ಚೆಂಡಿನ ಮುಂದೆ ನಿಲ್ಲುವ ಆ ಭಂಗಿಗೆ ಗಾಲ್ಫಿನವರು ಅಡ್ರೆಸ್ ಎನ್ನುತ್ತಾರೆ. ಕೋಲನ್ನು ಹಿಡಿಯುವ ರೀತಿ, ಪಾದಗಳ ಅಂತರ, ಮಂಡಿಯ ಬಾಗು, ಸೊಂಟದಿಂದ ಬೆನ್ನು ಎಷ್ಟು ಬಗ್ಗಬೇಕು, ಭುಜ ಯಾವ ಕಡೆಗೆ ತೋರಬೇಕು, ಚೆಂಡು ಎರಡು ಕಾಲುಗಳ ನಡುವೆ ಎಲ್ಲಿರಬೇಕು, ಎಲ್ಲ ತೀರ್ಮಾನವಾಗುವುದು ಇಲ್ಲಿಯೇ. ದೂರಕ್ಕೆ ಹೊಡೆಯುವ ಡ್ರೈವರ್ ಕೋಲು ಹಿಡಿದರೆ ಚೆಂಡು ಎಡ ಹಿಮ್ಮಡಿಯ ನೇರಕ್ಕೆ. ಗಿಡ್ಡ ಐರನ್ ಕೋಲು ಹಿಡಿದರೆ ಹೆಚ್ಚುಕಡಿಮೆ ನಡುಮಧ್ಯಕ್ಕೆ. ಇದು ಬಲಗೈ ಆಟಗಾರರ ಲೆಕ್ಕ. ನಮ್ಮ ಮನೆಯವಳು ಒಮ್ಮೆ ಬಂದು ನೋಡಿದಳು. "ಅಲ್ರೀ, ಹೊಡೆಯೋದಕ್ಕಿಂತ ನಿಂತ್ಕೊಳ್ಳೋದೇ ಜಾಸ್ತಿ ಆಯ್ತಲ್ಲ? ಅದನ್ನ ನಮ್ಮನೆ ವರಾಂಡದಲ್ಲೇ ನಿಂತ್ಕೋಬಹುದಿತ್ತು" ಅಂದಳು. ಆಟದ ತಿರುಳನ್ನು ಅವಳಷ್ಟು ಬೇಗ ಹಿಡಿದವರನ್ನು ನಾನು ಕಂಡಿಲ್ಲ.

ನನ್ನ ಸೆವೆನ್ ಐರನ್ ಹೊಡೆತಗಳು ಬಲಕ್ಕೇ ಬಾಗಿ ಹೋಗುತ್ತಿದ್ದವು. ಸ್ಲೈಸ್ ಅಂತಾರೆ. ಕ್ಲಬ್ಬಿನಲ್ಲಿ ಸಲಹೆಗೆ ಬರವಿಲ್ಲ. ತಲೆ ಎತ್ತಬೇಡಿ, ಮೊಣಕೈ ಮಡಿಸಬೇಡಿ, ನಿಧಾನ, ಇನ್ನೂ ನಿಧಾನ. ತಾವು ಹೊಡೆದದ್ದು ಕೆರೆಗೆ ಬಿದ್ದ ಮರುಕ್ಷಣವೇ ನನ್ನ ಮೊಣಕೈ ತಿದ್ದಲು ಬರುವವರ ಆತ್ಮವಿಶ್ವಾಸಕ್ಕೆ ಕೈ ಮುಗಿಯಬೇಕು. ಬಾಯಿ ಬಿಡದೆ ನೋಡುತ್ತಿದ್ದವನು ನನ್ನ ಚೀಲ ಹೊರುವ ಕ್ಯಾಡಿ ಒಬ್ಬನೇ. ಹುಡುಗನಾಗಿದ್ದಾಗಿನಿಂದ ಇದೇ ಹುಲ್ಲಿನ ಮೇಲೆ ನಡೆದವನು. ಒಂದು ದಿನ ನಾನು ಕಿತ್ತ ಹುಲ್ಲಿನ ಹೆಂಟೆಯನ್ನು ಎತ್ತಿಕೊಂಡು ಬಂದು, ಅದನ್ನು ಅದರ ಗುಂಡಿಗೆ ಕೂರಿಸುವ ಮುಂಚೆ, "ಇಲ್ಲಿ ನೋಡಿ ಸಾರ್" ಅಂದ.

ಕೂತು ನೋಡಿದೆ. ಕೆಮ್ಮಣ್ಣಿನ ಗಾಯ ಅಂಗೈಯಷ್ಟು ಉದ್ದ. ಅದು ಶುರುವಾದದ್ದು ಚೆಂಡು ಇದ್ದ ಜಾಗಕ್ಕಿಂತ ಹಿಂದೆ. ಎಂದರೆ ಕೋಲು ಮೊದಲು ಭೂಮಿಯನ್ನು ಹೊಡೆದು, ಆಮೇಲೆ ಚೆಂಡನ್ನು ವಿಚಾರಿಸಿಕೊಂಡಿತ್ತು. ಗಾಯದ ತುದಿ ಬಾವುಟದ ಕಡೆಗಿರಲಿಲ್ಲ, ಎಡಕ್ಕೆ ಓರೆಯಾಗಿ ನೀರಿನ ಟ್ಯಾಂಕಿನ ಕಡೆಗಿತ್ತು. ಆಮೇಲೆ ಆತ ನನ್ನನ್ನು ಇದ್ದ ಹಾಗೇ ನಿಲ್ಲಿಸಿ, ಚೀಲದಿಂದ ಇನ್ನೊಂದು ಕೋಲು ತೆಗೆದು ನನ್ನ ಕಾಲ್ಬೆರಳುಗಳಿಗೆ ತಾಗಿಸಿ ನೆಲದ ಮೇಲಿಟ್ಟ. ಅದೂ ನೀರಿನ ಟ್ಯಾಂಕನ್ನೇ ತೋರಿಸಿತು. "ಬಾಲು ಒಂದಿಂಚು ಹಿಂದೆ ಇರಲಿ ಸಾರ್." ಫೇರ್‌ವೇ ಎಂಬ ಹುಲ್ಲುಹಾದಿಯಲ್ಲಿ ಚೆಂಡನ್ನು ಮುಟ್ಟುವ ಹಾಗಿಲ್ಲವಾದ್ದರಿಂದ ಚೆಂಡು ಹಿಂದೆ ಹೋಗಬೇಕಾದರೆ ಮನುಷ್ಯ ಮುಂದೆ ಹೋಗಬೇಕು. ಹೋದೆ. ಒಂದೇ ಇಂಚು.

ಒಂದಿಂಚಿಗೆ ಇಷ್ಟು ಬೆಲೆ ಯಾಕೆಂದು ಕೇಳಿದರೆ ಉತ್ತರ ಸರಳ. ಕೋಲಿನ ತಲೆ ನಮ್ಮ ಸುತ್ತ ಒಂದು ಓರೆ ವೃತ್ತದಲ್ಲಿ ತಿರುಗುತ್ತದೆ. ಆ ವೃತ್ತಕ್ಕೆ ಒಂದೇ ಒಂದು ತಳವಿದೆ, ಅದು ಹೆಚ್ಚುಕಡಿಮೆ ಎಡ ಭುಜದ ಕೆಳಗೆ ಬರುತ್ತದೆ. ಐರನ್ನಿನ ಚೆಂಡು ಅದಕ್ಕಿಂತ ತುಸು ಹಿಂದಿದ್ದರೆ ಕೋಲು ಇಳಿಯುತ್ತಲೇ ಚೆಂಡನ್ನು ಹಿಡಿಯುತ್ತದೆ. ಮುಂದಿದ್ದರೆ ಒಂದೋ ಮಣ್ಣು, ಇಲ್ಲವೇ ಚೆಂಡಿನ ನೆತ್ತಿ. ಸಾಲದ್ದಕ್ಕೆ, ಮುಂದಿರುವ ಚೆಂಡನ್ನು ಮುಟ್ಟಲು ಭುಜ ತಾನಾಗಿ ಎಡಕ್ಕೆ ತೆರೆದುಕೊಳ್ಳುತ್ತದೆ, ಕೋಲು ಹೊರಗಿನಿಂದ ಒಳಕ್ಕೆ ಕೊಯ್ದುಕೊಂಡು ಬರುತ್ತದೆ, ಚೆಂಡು ಗಿರ್ರನೆ ಬಲಕ್ಕೆ ಬಾಗುತ್ತದೆ. ಬಲಕ್ಕೆ ಹೋಯಿತಲ್ಲ ಎಂದು ಆಟಗಾರ ಮುಂದಿನ ಸಲ ಇನ್ನಷ್ಟು ಎಡಕ್ಕೆ ಗುರಿಯಿಟ್ಟು ನಿಲ್ಲುತ್ತಾನೆ. ಅದರಿಂದ ಕೊಯ್ತ ಹೆಚ್ಚುತ್ತದೆ, ಚೆಂಡು ಮತ್ತಷ್ಟು ಬಲಕ್ಕೆ. ಪ್ರಪಂಚದ ಮುಕ್ಕಾಲು ಪಾಲು ಗಾಲ್ಫ್ ದುಃಖ ಇಷ್ಟೇ ಎಂದು ನನ್ನ ಅಂದಾಜು.

ಕೋಲಿನ ಮುಖ ಒಂದೇ ಒಂದು ಡಿಗ್ರಿ ಆಚೀಚೆ ಆಗಿ ಚೆಂಡು ಅಷ್ಟೇ ಓರೆಯಲ್ಲಿ ಹೊರಟರೂ, 200 ಗಜ ಹೋಗುವಷ್ಟರಲ್ಲಿ ಅದು ದಾರಿ ಬಿಟ್ಟು ಮೂರೂವರೆ ಗಜ ಸರಿದಿರುತ್ತದೆ. ಬಾಗುವುದು ಆಮೇಲಿನ ಮಾತು. ಕೋಲೂ ಚೆಂಡೂ ಒಂದನ್ನೊಂದು ಮುಟ್ಟಿರುವುದು ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗ. ಮೇಲಿನಿಂದ ಕೆಳಗಿಳಿಯಲು ಬೇಕಾಗುವುದು ಸುಮಾರು ಕಾಲು ಸೆಕೆಂಡು. ಅಷ್ಟರಲ್ಲಿ ತಪ್ಪು ಕಂಡು, ಯೋಚಿಸಿ, ತಿದ್ದಿಕೊಳ್ಳುತ್ತೇನೆ ಎನ್ನುವವರು ಬೇಕಾದರೆ ಪ್ರಯತ್ನಿಸಲಿ. ಅಮೆರಿಕದ ಗಾಲ್ಫ್ ಆಟಗಾರ ಜಾಕ್ ನಿಕ್ಲಾಸ್ ಇದನ್ನು ಬಲ್ಲವರು. ದೂರದ ಬಾವುಟವನ್ನು ನೆಚ್ಚದೆ, ಚೆಂಡಿನಿಂದ ಕೆಲವೇ ಅಡಿ ಮುಂದೆ ಅದೇ ಗೆರೆಯಲ್ಲಿರುವ ಎಲೆಯನ್ನೋ ಕಲೆಯನ್ನೋ ಗುರುತು ಹಿಡಿದು, ಅದಕ್ಕೆ ಕೋಲಿನ ಮುಖವನ್ನು ಹೊಂದಿಸಿ ನಿಲ್ಲುತ್ತಿದ್ದರು. ಅವರು ನಿಲ್ಲಲು ತೆಗೆದುಕೊಳ್ಳುತ್ತಿದ್ದ ಹೊತ್ತಿನ ಬಗ್ಗೆ ಜೊತೆಯವರು ಗೊಣಗಿದ್ದೂ ಉಂಟು.

ಟೆಕ್ಸಾಸಿನ ಆಟಗಾರ ಬೆನ್ ಹೋಗನ್ ಅವರ ಕಾಯಿಲೆ ನನ್ನದಕ್ಕೆ ಉಲ್ಟಾ. ಅವರ ಚೆಂಡು ಎಡಕ್ಕೆ ಧುಮುಕುತ್ತಿತ್ತು, ಹುಕ್. ವರ್ಷಗಟ್ಟಲೆ ಒದ್ದಾಡಿದ ಮೇಲೆ ದಾರಿ ಕಂಡುಕೊಂಡ ಆ ಮಹಾನುಭಾವರು 1955ರಲ್ಲಿ ಲೈಫ್ ಪತ್ರಿಕೆಯಲ್ಲಿ ಗುಟ್ಟು ಬಿಟ್ಟುಕೊಟ್ಟರು. ಅದರ ಒಂದು ಅರ್ಧ, ಮೇಲೆತ್ತಿದಾಗ ಮಣಿಕಟ್ಟು ಹೇಗಿರಬೇಕೆಂಬುದು. ಇನ್ನರ್ಧ, ಹಿಡಿಕೆಯ ಮೇಲೆ ಎಡಗೈಯನ್ನು ಎಡಕ್ಕೆ ಅರ್ಧ ಇಂಚಿನೊಳಗೆ ಸರಿಸುವುದು. ಅರ್ಧ ಇಂಚು! ತಮಾಷೆಯೆಂದರೆ, ಹುಕ್ಕಿನವರಿಗೆ ಹೇಳಿದ ಆ ಹಿಡಿತವನ್ನು ಸ್ಲೈಸಿನವರೂ ಶ್ರದ್ಧೆಯಿಂದ ಕಲಿತರು, 1957ರಲ್ಲಿ ಹೋಗನ್ ಅವರ ಪುಸ್ತಕ ಬಂದ ಮೇಲಂತೂ ಇನ್ನೂ ಶ್ರದ್ಧೆಯಿಂದ. ಈ ಸ್ಲೈಸಿನವರ ಚೆಂಡುಗಳು ಇನ್ನೂ ಬಲಕ್ಕೆ ಹೋದವು.

ನನ್ನ ಒಂದಿಂಚಿಗೆ ಬರೋಣ. ಕ್ಯಾಡಿ ಹೇಳಿದ ಹಾಗೆ ನಿಂತೆ, ಹೊಡೆದೆ. ಚೆಂಡು ಬಲಕ್ಕೆ ಹೋಗಲಿಲ್ಲ. ನೇರವಾಗಿಯೂ ಹೋಗಲಿಲ್ಲ. ಜನ್ಮದಲ್ಲಿ ಕಂಡಿರದ ರಭಸದಲ್ಲಿ ಎಡಗಡೆಗೆ ತಿರುಗಿ ಪಕ್ಕದ ಫೇರ್‌ವೇಯಲ್ಲಿ ಆಡುತ್ತಿದ್ದವರ ಚೀಲದ ಹತ್ತಿರ ಬಿತ್ತು. ಅವರು ನಮ್ಮ ಕಡೆ ತಿರುಗಿ ನೋಡಿದ ರೀತಿಯನ್ನು ಬರೆಯುವುದು ಬೇಡ. ಕ್ಯಾಡಿ ಮಾತ್ರ ಖುಷಿಯಾಗಿದ್ದ. "ಈಗ ಸರಿಯಾಯ್ತು ಸಾರ್!"

ಏನು ಸರಿಯಾಯ್ತಪ್ಪ ಎಂದು ರೇಗಿದರೂ, ಸಂಜೆ ಕಾಫಿ ಕುಡಿಯುತ್ತ ಯೋಚಿಸಿದಾಗ ತಿಳಿಯಿತು. ನಮ್ಮ ಹಳೆಯ ಬಾಡಿಗೆ ಮನೆಯಲ್ಲಿ ಬಚ್ಚಲಿನ ಬಾಗಿಲ ಚೌಕಟ್ಟು ಸೊಟ್ಟಗಿತ್ತು. ಬಡಗಿ ಬಾಗಿಲನ್ನೇ ಕೀಸಿ ಕೀಸಿ ಆ ಸೊಟ್ಟಕ್ಕೆ ಹೊಂದಿಸಿದ್ದ, ಚೆನ್ನಾಗಿಯೇ ಮುಚ್ಚುತ್ತಿತ್ತು. ಮನೆ ಮಾಲೀಕರು ದೊಡ್ಡ ಮನಸ್ಸು ಮಾಡಿ ಚೌಕಟ್ಟನ್ನು ನೆಟ್ಟಗೆ ಮಾಡಿಸಿದ ದಿನದಿಂದ ಬಾಗಿಲು ಮುಚ್ಚಲಿಲ್ಲ. ಸ್ವಿಂಗೂ ಅದೇ. ತಪ್ಪಾಗಿ ನಿಂತವನ ಮೈ ಸುಮ್ಮನಿರುವುದಿಲ್ಲ. ಬಲಕ್ಕೆ ಹೋಗುವ ಚೆಂಡನ್ನು ತಡೆಯಲು ನನ್ನ ಮಣಿಕಟ್ಟು ಕೊನೇ ಗಳಿಗೆಯಲ್ಲಿ ಕೋಲಿನ ಮುಖವನ್ನು ಮಗುಚುವುದನ್ನು ಕಲಿತುಬಿಟ್ಟಿತ್ತು. ನಾನು ಹೇಳಿಕೊಟ್ಟದ್ದಲ್ಲ, ನನಗೆ ಹೇಳಿ ಕಲಿತದ್ದೂ ಅಲ್ಲ. ನಿಲುವು ಸರಿಯಾದರೂ ಮಣಿಕಟ್ಟಿಗೆ ಸುದ್ದಿ ಮುಟ್ಟಿರಲಿಲ್ಲ. ಅದು ತನ್ನ ಡ್ಯೂಟಿ ಮಾಡಿತು.

ಇಲ್ಲೇ ಬಹಳ ಜನ ಕೈಬಿಡುವುದು. ಹೊಸ ನಿಲುವಿನಿಂದ ಆಟ ಕೆಟ್ಟಿತೆಂದು ಹಳೆಯ ನಿಲುವಿಗೇ ಮರಳುತ್ತಾರೆ. ಕೆಟ್ಟದ್ದು ನಿಲುವಿನಿಂದಲ್ಲ, ಇನ್ನೂ ರಜೆಗೆ ಹೋಗದ ಹಳೆಯ ರಿಪೇರಿಯಿಂದ. ನಾಲ್ಕಾರು ವಾರ ಎಡಕ್ಕೆ ಹೋಗಲು ಬಿಟ್ಟರೆ ಮಣಿಕಟ್ಟಿಗೂ ನಿಧಾನವಾಗಿ ಗೊತ್ತಾಗುತ್ತದೆ. ಈ ಶಾಸ್ತ್ರವನ್ನೆಲ್ಲ ಕ್ಯಾಡಿ ಯಾವ ಪುಸ್ತಕದಲ್ಲೂ ಓದಿಲ್ಲ. ಓದಬೇಕಾಗಿಯೂ ಇಲ್ಲ: ದೆಹಲಿಯಲ್ಲಿ ಕ್ಯಾಡಿಯಾಗಿದ್ದ ಅಲಿ ಶೇರ್ 1991ರಲ್ಲಿ ಇಂಡಿಯನ್ ಓಪನ್ ಗೆದ್ದರು, ಅದನ್ನು ಗೆದ್ದ ಮೊದಲ ಭಾರತೀಯ ವೃತ್ತಿಪರ ಆಟಗಾರ. 1993ರಲ್ಲಿ ಮತ್ತೊಮ್ಮೆ ಗೆದ್ದರು. ನಮ್ಮವನಿಗೂ ವಯಸ್ಸಿನಲ್ಲಿ ಒಂದು ಒಳ್ಳೇ ಕೋಲು ಸಿಕ್ಕಿದ್ದರೆ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಕೇಳಿದರೆ, "ಬಿಡಿ ಸಾರ್, ಒಂಬತ್ತನೇ ಹೋಲು ಖಾಲಿ ಆಯ್ತು, ನಡೀರಿ" ಅನ್ನುತ್ತಾನೆ.

ಅಭ್ಯಾಸದ ರೇಂಜಿನಲ್ಲಿ ಚಿಕ್ಕ ಮಕ್ಕಳನ್ನು ನೋಡುವುದು ನನಗೀಗ ಒಂದು ಚಟ. ಕೋಚು "ಪುಟ್ಟಿ, ಕಾಲು ಹೀಗಿಡು" ಅಂದರೆ ಆ ಮಗು ಇಡುತ್ತದೆ, ಹೊಡೆಯುತ್ತದೆ, ಮುಗಿಯಿತು. ಅದರ ಮೈಯಲ್ಲಿ ಹಳೆಯ ರಿಪೇರಿಗಳಿಲ್ಲ. ನಮ್ಮೂರಿನ ಅದಿತಿ ಅಶೋಕ್ ಐದಾರು ವರ್ಷಕ್ಕೇ ಕೋಲು ಹಿಡಿದವರು. 2021ರ ಆಗಸ್ಟ್ 7, ಶನಿವಾರ ಬೆಳಿಗ್ಗೆ, ಗಾಲ್ಫ್ ಎಂದರೇನೆಂದು ತಿಳಿಯದ ನಮ್ಮ ಬೀದಿಯವರೂ ಟೀವಿ ಮುಂದೆ ಕೂತು ಟೋಕಿಯೊ ಒಲಿಂಪಿಕ್ಸಿನ ಆಟ ನೋಡಿದ್ದರು. ತಾಯಿಯೇ ಕ್ಯಾಡಿ. ನಾಲ್ಕು ದಿನಗಳಲ್ಲಿ 269 ಹೊಡೆತ, ಕಂಚಿಗೆ ಒಂದೇ ಒಂದು ಹೊಡೆತ ಹೆಚ್ಚಾಗಿ ನಾಲ್ಕನೇ ಸ್ಥಾನ. "ಒಂದೇ ತಾನೇ, ಬಿಟ್ಟುಕೊಡಬಾರದಿತ್ತೇ ಆ ಜಪಾನಿನವರು?" ಎಂದು ನಮ್ಮ ಎದುರುಮನೆಯ ಅಜ್ಜಿ ಕೇಳಿದ್ದರು. ಇಂಚು, ಡಿಗ್ರಿ, ಒಂದು ಹೊಡೆತ, ಈ ಆಟದಲ್ಲಿ ಚಿಲ್ಲರೆಗೇ ಬೆಲೆ.

ಇಷ್ಟಾಗಿ ನನ್ನ ಆಟ ಒಂದು ಹದಕ್ಕೆ ಬಂತು ಅನ್ನುವಾಗ ಕನ್ನಡಕ ಬದಲಾಯಿಸಬೇಕಾಯಿತು. ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜು, ಗೆರೆಯಿಲ್ಲದ ಪ್ರೊಗ್ರೆಸಿವ್. ಮೇಲಿನಿಂದ ಬಾವುಟ ನೋಡಬಹುದು, ಕೆಳಗಿನಿಂದ ಪೇಪರು ಓದಬಹುದು. ಚೆಂಡು ಇರುವುದು ಪೇಪರಿನ ದೂರದಲ್ಲಲ್ಲ, ಅದಕ್ಕಿಂತ ಆಚೆ. ಆದರೆ ಕೆಳಗೆ ನೋಡಿದರೆ ಕಣ್ಣು ಸಿಕ್ಕಿಕೊಳ್ಳುವುದು ಪೇಪರಿನ ಗಾಜಿಗೆ. ಮಬ್ಬು. ಸ್ಪಷ್ಟ ಕಾಣಲೆಂದು ಗದ್ದವನ್ನು ಎದೆಗೆ ಒತ್ತಿಕೊಂಡೆ, ಮೇಲಿನ ಗಾಜಿನಿಂದ ನೋಡಿದೆ. ಚೆಂಡೇನೋ ಕಂಡಿತು. ಗದ್ದ ಎದೆಗೆ ಅಂಟಿದರೆ ಅದರಡಿ ಎಡ ಭುಜ ತಿರುಗಲು ಜಾಗವಿಲ್ಲ. ಭುಜ ತಿರುಗದಿದ್ದರೆ ಕೈ ಮಾತ್ರ ಬೀಸುತ್ತದೆ, ಕೈ ಮಾತ್ರ ಬೀಸಿದರೆ ಕೋಲು ಮತ್ತೆ ಹೊರಗಿನಿಂದ ಒಳಕ್ಕೆ. ನೀಲಗಿರಿ ತೋಪು ನನ್ನನ್ನು ಮರೆತಿರಲಿಲ್ಲ. ಕ್ಯಾಡಿ ಕಾಲು ನೋಡಿದ, ಕೈ ನೋಡಿದ, ಗಾಯ ನೋಡಿದ, ಕೊನೆಗೆ ನನ್ನ ಮುಖ ನೋಡಿ, "ಕನ್ನಡಕ ಹೊಸದಾ ಸಾರ್?" ಅಂದ.

ಆದ್ದರಿಂದ ನನ್ನ ವಯಸ್ಸಿನವರಲ್ಲಿ ಒಂದು ಕೋರಿಕೆ. ಆಟ ಕೆಟ್ಟಿತೆಂದು ಸಾವಿರಾರು ರೂಪಾಯಿಯ ಹೊಸ ಡ್ರೈವರ್ ಕೊಳ್ಳುವ ಮುಂಚೆ, ಒಂದು ಕೋಲನ್ನು ಕಾಲ್ಬೆರಳಿಗೆ ತಾಗಿಸಿ ನೆಲದ ಮೇಲಿಟ್ಟು ಅದು ಎತ್ತ ತೋರಿಸುತ್ತದೆ ನೋಡಿ. ಚೆಂಡು ಎಲ್ಲಿದೆಯೆಂದು ಕ್ಯಾಡಿಯನ್ನು ಕೇಳಿ, ಕೇಳಿದ ಮೇಲೆ ಅವನ ಮಾತು ಕೇಳಿ. ಆಡಲು ಹೋಗುವಾಗ ದೂರಕ್ಕೆ ಮಾತ್ರ ಕಾಣುವ ಬೇರೆ ಕನ್ನಡಕವೊಂದನ್ನು ಮಾಡಿಸಿಟ್ಟುಕೊಳ್ಳಿ. ಸ್ಕೋರ್ ಕಾರ್ಡ್ ಬರೆಯಲು ಕಾಣುವುದಿಲ್ಲ ನಿಜ. ಅದನ್ನು ಕಾಣದೆ ಬರೆದರೂ ನಷ್ಟವೇನಿಲ್ಲ.